ಬರೆದವರೇ ಒರೆಸಬೇಕು

ಡಿಸೆಂಬರ್ 2

ಬಂದು ತಲುಪಿದೆ. ಕೊನೆಯ ಎರಡು ಮೈಲಿ ಹಾಲಿನ ಗಾಡಿಯಲ್ಲಿ, ಕ್ಯಾನುಗಳ ನಡುವೆ ನಾನೂ ಒಂದು ಕ್ಯಾನಿನ ಹಾಗೆ ಕುಳಿತು ಬಂದೆ. ಅರವತ್ತೊಂದನೇ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ? ಆದರೆ ಹೆಂಡತಿ ಮಕ್ಕಳಿಲ್ಲದವನು, ಮೇಲಾಗಿ ನಿವೃತ್ತ ಮೇಷ್ಟ್ರು. ಮನೆಯವರ ಲೆಕ್ಕದಲ್ಲಿ ನಾನು ಸದಾ ಬಿಡುವಾಗಿರುವ ಮನುಷ್ಯ.

ಅಕ್ಕ ಹೋದ ತಿಂಗಳು ಹಿಂಬಾಗಿಲ ಮೆಟ್ಟಿಲ ಮೇಲಿನ ಮಂಜುಗಡ್ಡೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಗಿ ಈಗ ಕೆಳಗೆ ಪಟ್ಟಣದಲ್ಲಿ ಮಗಳ ಮನೆಯಲ್ಲಿದ್ದಾಳೆ. ಮೂವತ್ತು ವರ್ಷ ಅವಳು ನಡೆಸಿದ ಎಂಟು ಕೋಣೆಯ ಈ ಲಾಡ್ಜಿಗೆ ಚಳಿಗಾಲಕ್ಕೆಂದು ಮೊದಲೇ ಹೇಳಿಟ್ಟವರಿದ್ದಾರೆ. ಅವರೆಲ್ಲ ಬಂದು ಹೋಗುವ ತನಕ ನಾನು ನೋಡಿಕೊಳ್ಳುವುದು, ಆಮೇಲೆ ಮುಚ್ಚಿ ಬೀಗ ಹಾಕಿ ಕೀಲಿಕೈಯನ್ನು ಪುಟ್ಟಿಯ ಕೈಗೆ ಕೊಡುವುದು. ಪುಟ್ಟಿ ಎಂದರೆ ಅಕ್ಕನ ಮಗಳು, ನಲವತ್ತು ದಾಟಿದ ಪುಟ್ಟಿ. ನಮ್ಮಿಬ್ಬರ ನಡುವೆ ಆಗಿರುವ ಮಾತು ಇದು. ಅಕ್ಕನಿಗೆ ಇನ್ನೂ ಹೇಳಿಲ್ಲ, ಇಲ್ಲಿಯವರಿಗಂತೂ ಇಲ್ಲವೇ ಇಲ್ಲ.

ಮುಂಬಾಗಿಲ ಪಕ್ಕದಲ್ಲಿ ಒಂದು ಕಪ್ಪು ಹಲಗೆ ತೂಗುಹಾಕಿದೆ. ಅದನ್ನು ನೋಡಿ ಹಳೆಯ ನೆಂಟ ಸಿಕ್ಕಷ್ಟು ಖುಷಿಯಾಯಿತು. ಮೇಲೆ ಒಂದೇ ಒಂದು ಸಾಲು, ಅಕ್ಕನ ಕೈಬರಹ: ‘ಕೆಳಗೆ ಹೋಗಿದ್ದೀನಿ. ಬರ್ತೀನಿ.’ ಮೂವತ್ತಾರು ವರ್ಷದ ಅಭ್ಯಾಸ. ಹಲಗೆ ಕಂಡರೆ ಒರೆಸುವುದು. ಒದ್ದೆ ಬಟ್ಟೆಯಿಂದ ಚೊಕ್ಕಟವಾಗಿ ಒರೆಸಿದೆ.

ಲಾಡ್ಜಿನ ಅಡುಗೆಯಮ್ಮ ಕೈಯಲ್ಲಿದ್ದ ಪಾತ್ರೆ ಹಾಗೇ ಹಿಡಿದು ನಿಂತುಬಿಟ್ಟರು.

“ಏನ್ ಮೇಷ್ಟ್ರೇ ಇದು? ಬಂದು ಕಾಲು ತೊಳೆಯೋಕೆ ಮುಂಚೆ ಒರೆಸಿಬಿಟ್ರಾ?”

ಇಲ್ಲಿಯ ಕಟ್ಟಳೆಯನ್ನು ಆಮೇಲೆ ಹೇಳಿದರು. ಹೊರಗೆ ಹೋಗುವವರು ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸು ಎಂದು ಬರೆದು ಹೋಗಬೇಕು. ಬಂದ ಮೇಲೆ ಅವರೇ ಒರೆಸಬೇಕು. ಬೇರೆ ಯಾರೂ ಮುಟ್ಟಕೂಡದು. ಹೊತ್ತು ಮೀರಿಯೂ ಸಾಲು ಉಳಿದಿದ್ದರೆ ಅಂಗಳದ ಗಂಟೆ ಬಾರಿಸಬೇಕು. ಹಿಮದಲ್ಲಿ ದಾರಿ ತಪ್ಪಿದವರು ಆ ಸದ್ದು ಹಿಡಿದು ಬರುತ್ತಾರೆ. 

“ನಿಮ್ಮಕ್ಕ ಸೊಂಟ ಮುರ್ಕೊಂಡಿದ್ರು, ಕುರ್ಚಿ ಮೇಲೆ ಕೂರಿಸಿ ಹೊತ್ಕೊಂಡು ಹೋಗ್ತಿದ್ವಿ. ಬಾಗಿಲಲ್ಲಿ ನಿಲ್ಸಿ ಅಂದ್ರು. ಕುರ್ಚಿ ಎತ್ತಿ ಹಿಡ್ಕೊಂಡ್ವಿ. ಹಲ್ಲು ಕಚ್ಕೊಂಡು ಬರೆದ್ರು. ಅದನ್ನ ನೀವು…” ಎಂದವರು ಒಳಗೆ ಹೋದರು.

ಎಷ್ಟು ಹೊತ್ತಿಗೆ ಎಂದು ಅವಳೂ ಬರೆದಿರಲಿಲ್ಲವಲ್ಲ ಎಂದು ಬಾಯಿಗೆ ಬಂದಿತ್ತು. ಸದ್ಯ, ಹೇಳಲಿಲ್ಲ.

ಡಿಸೆಂಬರ್ 3

ಅಕ್ಕನ ಫೋನ್. ಒಲೆ, ನಲ್ಲಿ, ಕಂಬಳಿ ಎಲ್ಲ ವಿಚಾರಿಸಿದ ಮೇಲೆ, “ಹಲಗೆ ಮೇಲೆ ನನ್ನ ಸಾಲು ಇದೆಯೇನೋ?” ಎಂದಳು.

“ಇದೆ.”

“ಯಾರೂ ಮುಟ್ಟಿಲ್ಲ ತಾನೇ?”

“ಯಾರು ಮುಟ್ತಾರೆ?”

ಸುಳ್ಳು ಹೇಳಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವನು ನಾನು.

ಡಿಸೆಂಬರ್ 9

ಇಲ್ಲಿ ನಲ್ಲಿಗಳನ್ನು ಪೂರ್ತಿ ನಿಲ್ಲಿಸುವ ಹಾಗಿಲ್ಲ. ಸಣ್ಣಗೆ ತೊಟ್ಟಿಕ್ಕಲು ಬಿಡಬೇಕು. ಇಲ್ಲದಿದ್ದರೆ ಪೈಪಿನಲ್ಲಿ ನೀರು ಗಟ್ಟಿಯಾಗಿ ಪೈಪೇ ಸೀಳುತ್ತದೆ. ನೀರು ಪೋಲು ಮಾಡಬಾರದು ಎಂದು ಮಕ್ಕಳಿಗೆ ಪ್ರಬಂಧ ಬರೆಸಿದವನಿಗೆ ತೊಟ್ಟಿಕ್ಕುವ ನಲ್ಲಿ ಕಂಡರೆ ಕೈ ಸುಮ್ಮನಿರುತ್ತದೆಯೇ? ಎಂಟೂ ಕೋಣೆಯದನ್ನು ಬಿಗಿಯಾಗಿ ನಿಲ್ಲಿಸಿದ್ದೆ. ಬೆಳಿಗ್ಗೆ ಒಂದರಲ್ಲೂ ಹನಿ ನೀರಿಲ್ಲ. ಅಡುಗೆಯಮ್ಮನ ಗಂಡ ಮಧ್ಯಾಹ್ನದ ತನಕ ಪೈಪುಗಳಿಗೆ ಬಿಸಿ ಬಟ್ಟೆ ಸುತ್ತಿದರು. ನನ್ನ ಕಡೆ ಒಮ್ಮೆ ನೋಡಿ “ಹೂಂ” ಎಂದರು. ಆ ಮನುಷ್ಯ ಮಾತಾಡುವುದೇ ಅಷ್ಟು. ಎಲ್ಲರೂ ಅವರನ್ನು ಕರೆಯುವುದೂ ‘ಹೂಂ’ ಎಂದೇ. ಆದರೆ ಇವತ್ತಿನ ಹೂಂನಲ್ಲಿ ನನಗೆ ಒಂದು ಪುಟದಷ್ಟು ಬೈಗುಳ ಕೇಳಿಸಿತು.

ಮೂರನೇ ನಂಬರಿಗೆ ಗಡಿಯಾರದವರು ಬಂದಿಳಿದರು. ಪಟ್ಟಣದಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದವರು, ಎಪ್ಪತ್ತರ ಹತ್ತಿರ ಇರಬೇಕು. ಹತ್ತೊಂಬತ್ತು ವರ್ಷದಿಂದ ಪ್ರತಿ ಚಳಿಗಾಲಕ್ಕೂ ಬರುತ್ತಾರಂತೆ. ಚೀಲ ಕೆಳಗಿಡುವ ಮೊದಲೇ, “ಅಮ್ಮ ಎಲ್ಲಿ?” ಎಂದರು, ಅಕ್ಕನನ್ನೇ ಕೇಳಿದ್ದು. ಹೇಳಿದೆ. ಟೋಪಿ ತೆಗೆದು ಕೈಯಲ್ಲಿ ಹಿಡಿದರು. “ಬಿದ್ದಾಗ ತುಂಬ ನೋವಾಯ್ತಾ?” ಎಂದು ಕೇಳಿದರು. ಇಷ್ಟು ದಿನವಾದರೂ ನಾನು ಆ ಪ್ರಶ್ನೆಯನ್ನು ಅಕ್ಕನನ್ನು ಕೇಳಿರಲಿಲ್ಲ.

ಡಿಸೆಂಬರ್ 17

ಕೆಲಸಕ್ಕೆಲ್ಲ ಒಂದು ವೇಳಾಪಟ್ಟಿ ಮಾಡಿ ಅಡುಗೆಮನೆಯ ಗೋಡೆಗೆ ಅಂಟಿಸಿದ್ದೆ. ಇವತ್ತು ನೋಡಿದರೆ ಅದು ಬಿಸಿ ಪಾತ್ರೆಯ ಅಡಿಯಲ್ಲಿದೆ. “ದಪ್ಪ ಕಾಗದ ಮೇಷ್ಟ್ರೇ, ಮೇಜು ಸುಡಲ್ಲ,” ಎಂದರು ಅಡುಗೆಯಮ್ಮ. ಹೊಗಳಿಕೆ ಎಂದೇ ತೆಗೆದುಕೊಂಡೆ.

ಕಲಿತದ್ದು: ಮೆಟ್ಟಿಲಿಗೆ ಒಲೆಯ ಬೂದಿ ಚೆಲ್ಲಬೇಕು. ತಣ್ಣಗಿನ ಬೂದಿ, ಬಿಸಿಯದಲ್ಲ. ಸೂರಿನ ಹಿಮವನ್ನು ಕೆಳಗಿನಿಂದ ಎಳೆಯಬಾರದು. ಎಳೆದೆ, ಕುತ್ತಿಗೆಯ ತನಕ ಹೂತುಹೋದೆ. ಹೂಂ ಅವರು ಸಲಿಕೆ ತಂದು ಅಗೆದು ತೆಗೆದರು. ನಕ್ಕರು ಕೂಡ.

ಗಡಿಯಾರದವರು ಊಟದ ಕೋಣೆಯ ದೊಡ್ಡ ಗೋಡೆ ಗಡಿಯಾರವನ್ನು ಕೆಳಗಿಳಿಸಿ ಬಿಚ್ಚಿದ್ದಾರೆ. ಅದು ನಿಂತು ವರ್ಷವಾಯಿತಂತೆ. ಬಿಳಿ ಬಟ್ಟೆಯ ಮೇಲೆ ಚಕ್ರಗಳನ್ನು ಸಾಲಾಗಿ ಹರಡಿ, ಅಮ್ಮ ಬರುವ ಹೊತ್ತಿಗೆ ನಡೆಯಬೇಕು ಎಂದರು. ನಾನು ತಲೆ ಬಗ್ಗಿಸಿ ಆಲೂಗಡ್ಡೆ ಸುಲಿದೆ.

ಡಿಸೆಂಬರ್ 30

ಚಳಿ. ಬೆರಳು ಬಗ್ಗುತ್ತಿಲ್ಲ. ಎಂಟೂ ಕೋಣೆ ಭರ್ತಿ. ಬಿಸಿನೀರಿನ ಚೀಲ ಹದಿನಾಲ್ಕು ತುಂಬಿಸಿದೆ, ಹದಿನೈದನೆಯದು ನನಗೆ ಉಳಿಯಲಿಲ್ಲ.

ಜನವರಿ 8

ಪುಟ್ಟಿಯ ಫೋನ್. ಡಾಕ್ಟರು ಮೆಟ್ಟಿಲು ಹತ್ತಲೇಕೂಡದು ಎಂದಿದ್ದಾರೆ. ಅಕ್ಕನ ಕೋಣೆ ಇರುವುದು ಮಹಡಿಯ ಮೇಲೆ.

“ಅಮ್ಮನಿಗೆ ಹೇಳಿಬಿಟ್ಟೆ ಮಾವ. ಮಾರ್ಚಿನಲ್ಲಿ ಮುಚ್ತೀವಿ ಅಂತ. ಸದ್ಯ, ಏನೂ ಗಲಾಟೆ ಮಾಡ್ಲಿಲ್ಲ. ಸುಮ್ನೆ ಗೋಡೆ ಕಡೆ ತಿರುಗಿ ಮಲಗಿದ್ರು.”

ಅವಳು ಗಲಾಟೆ ಮಾಡಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ನನ್ನ ಅಕ್ಕ ಜಗಳಗಂಟಿ. ನನಗೆ ಅಕ್ಷರ ಕಲಿಸಿದವಳೇ ಅವಳು. ತಪ್ಪು ಬರೆದರೆ ಬೆರಳ ಗೆಣ್ಣಿಗೆ ಕುಟ್ಟುತ್ತಿದ್ದಳು, ಸರಿ ಬರೆದರೆ ಅದೇ ಬೆರಳನ್ನು ಊದುತ್ತಿದ್ದಳು. ಗೋಡೆ ಕಡೆ ತಿರುಗಿ ಮಲಗುವುದು ಅವಳ ಜಾಯಮಾನವಲ್ಲ.

ಡಾಕ್ಟರು ಹೇಳಿದ ಮೇಲೆ ಮುಗಿಯಿತು. ಮುಚ್ಚುವುದೇ ಸರಿ. ಅಡುಗೆಯಮ್ಮನಿಗೆ ನಾಳೆ ಹೇಳುತ್ತೇನೆ.

ಜನವರಿ 11

ಹೇಳಲಿಲ್ಲ. ಹಿಮಕ್ಕೆ ಟೆಲಿಫೋನ್ ತಂತಿ ಹರಿದಿದೆ. ಮೊಬೈಲಿಗೆ ಸಿಗ್ನಲ್ ಸಿಗುವುದು ಅರ್ಧ ಗಂಟೆ ಗುಡ್ಡ ಹತ್ತಿದರೆ, ಇಲ್ಲಿಯವರು ‘ಮೇಲಿನ ಕಲ್ಲು’ ಎನ್ನುವ ಬಂಡೆಯ ಹತ್ತಿರ ಮಾತ್ರ. ಬೇರೆಯವರೆಲ್ಲ ಇಳಿದು ಹೋದರು. ಉಳಿದವರು ಗಡಿಯಾರದವರೊಬ್ಬರೇ. “ಅಮ್ಮ ಹೇಗಿದ್ದಾರೋ ಏನೋ,” ಎಂದು ದಿನಕ್ಕೆ ನಾಲ್ಕು ಸಲ ಕೇಳುತ್ತಾರೆ.

ಜನವರಿ 15, ಬೆಳಿಗ್ಗೆ

ನಿನ್ನೆಯದನ್ನು ಬರೆಯಬೇಕು. ಬರೆಯದಿದ್ದರೆ ಈ ಪುಸ್ತಕ ಸುಳ್ಳಾಗುತ್ತದೆ.

ನಿನ್ನೆ ಮಧ್ಯಾಹ್ನ ಗಡಿಯಾರ ಸರಿಹೋಯಿತು. ಗೋಡೆಗೆ ಏರಿಸಿ, ಟಕ್ ಟಕ್ ಕೇಳಿ ನಾವು ಮೂವರೂ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದೆವು. ಹೂಂ ಅವರು ಹೂಂ ಎಂದರು. ಆಮೇಲೆ ಎಲ್ಲರೂ ಅವರವರ ಕೆಲಸಕ್ಕೆ ಹೋದರು. ನಾನು ಬಾಗಿಲ ಬಳಿ ನೆಲ ಒರೆಸುತ್ತ, ಲಾಡ್ಜು ಮುಚ್ಚುವ ಸಂಗತಿಯನ್ನು ಅಡುಗೆಯಮ್ಮನಿಗೆ ಹೇಗೆ ಹೇಳಲಿ ಎಂದು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ.

ಗಡಿಯಾರ ನಾಲ್ಕು ಬಾರಿಸಿತು. ನಾಲ್ಕು ಗಂಟೆ ಎಂದರೆ ಶಾಲೆ ಬಿಡುವ ಹೊತ್ತು. ಮೂವತ್ತಾರು ವರ್ಷ ಆ ಸದ್ದಿಗೆ ನನ್ನ ಕೈ ಒಂದೇ ಕೆಲಸ ಮಾಡಿದೆ. ಎದ್ದು ಹಲಗೆ ಒರೆಸಿದೆ. ಒದ್ದೆ ಬಟ್ಟೆ ಮೊಳೆಗೆ ನೇತಾಡುತ್ತ ಸೆಟೆದು ಗಡ್ಡೆಯಾಗಿತ್ತು. ಕೋಟಿನ ತೋಳಿನಿಂದ ಒರೆಸಿದೆ. ಏನು ಬರೆದಿತ್ತೆಂದು ಓದಲೂ ಇಲ್ಲ. ಒರೆಸಿದ್ದು ನನಗೆ ಗೊತ್ತೇ ಆಗಲಿಲ್ಲ ಎಂದರೆ ಯಾರು ನಂಬುತ್ತಾರೆ?

ಸ್ವಲ್ಪ ಹೊತ್ತಿಗೆ ಹಿಮ ಶುರುವಾಯಿತು. ಐದಕ್ಕೆ ಅಡುಗೆಯಮ್ಮ ಎಂದಿನಂತೆ ಹಲಗೆ ನೋಡಿ, ಖಾಲಿ ಇದೆ, ಎಲ್ಲರೂ ಒಳಗಿದ್ದಾರೆ ಎಂದುಕೊಂಡರು. ಆರು ಗಂಟೆಗೆ ಸೂಪು ಬಡಿಸಿದರು. ಗಡಿಯಾರದವರ ಕುರ್ಚಿ ಖಾಲಿ. ಕೋಣೆಗೆ ಹೋಗಿ ನೋಡಿದರೆ ಬೂಟಿಲ್ಲ, ಟೋಪಿಯಿಲ್ಲ.

“ಬರೆಯದೆ ಹೋಗೋರಲ್ಲ ಅವರು. ಹತ್ತೊಂಬತ್ತು ವರ್ಷದಲ್ಲಿ ಒಂದಿನಾನೂ ಹೋದೋರಲ್ಲ,” ಎಂದರು ಅಡುಗೆಯಮ್ಮ.

ಆಗ ನನ್ನ ಕಣ್ಣು ಕೋಟಿನ ತೋಳಿನ ಮೇಲೆ ಬಿತ್ತು. ಸೀಮೆಸುಣ್ಣದ ಬಿಳಿ ಪುಡಿ.

“ನಾನು ಒರೆಸಿದೆ,” ಎಂದೆ.

ಅಡುಗೆಯಮ್ಮ ಬೈಯಲಿಲ್ಲ. ಬೈಯುವುದಕ್ಕೂ ಹೊತ್ತಿರಲಿಲ್ಲ. ಕೆಳಗಿನ ಸೇತುವೆಯ ಕಡೆಗೋ, ಮೇಲಿನ ಕಲ್ಲಿನ ಕಡೆಗೋ? ಹೂಂ ಅವರು ಒಬ್ಬರೇ, ದಾರಿ ಎರಡು. ಅಷ್ಟರಲ್ಲಿ ಅಡುಗೆಯಮ್ಮ ದೀಪ ತಂದು ಹಲಗೆಗೆ ಪಕ್ಕದಿಂದ ಹಿಡಿದರು. ಕೋಟಿನ ಒಣ ತೋಳಿನಿಂದ ಒರೆಸಿದ್ದಲ್ಲವೇ, ಗುರುತು ಉಳಿದಿತ್ತು. ಅಕ್ಷರ ಬಿಡಿಸುವುದು ನನ್ನ ಕಸುಬು. ಮೂಗು ತಾಗಿಸಿ ಓದಿದೆ: ‘ಮೇಲಿನ ಕಲ್ಲು. ನಾಲ್ಕೂವರೆ.’

ಹೂಂ ಅವರು ಹಗ್ಗ, ದೀಪ ತೆಗೆದುಕೊಂಡು ಆಗಲೇ ಹೊಸಲು ದಾಟಿದ್ದರು. ನಾನು ಗಂಟೆಯ ಹಗ್ಗ ಹಿಡಿದೆ. ಎಷ್ಟು ಹೊತ್ತು ಬಾರಿಸಿದೆನೋ ತಿಳಿಯದು. ಅಂಗೈ ಸುಲಿದು ಹಗ್ಗ ಒದ್ದೆಯಾಗಿತ್ತು. ಅಡುಗೆಯಮ್ಮ ಬಂದು “ಬಿಡಿ, ಈಗ ನಾನು,” ಎಂದರೂ ಬಿಡಲಿಲ್ಲ. ದೇವರೇ, ಆ ಮನುಷ್ಯ ಬರಲಿ, ಇನ್ನು ಓದದೆ ಏನನ್ನೂ ಒರೆಸುವುದಿಲ್ಲ ಎಂದು ಹುಡುಗರ ಹಾಗೆ ಬೇಡಿಕೊಂಡೆ.

ಏಳೂವರೆಗೆ ಇಬ್ಬರೂ ಬಂದರು. ಒಬ್ಬರ ಮೇಲೊಬ್ಬರು ಒರಗಿಕೊಂಡು, ಹುಬ್ಬಿಗೆಲ್ಲ ಹಿಮ. ಗಡಿಯಾರದವರನ್ನು ಒಲೆಯ ಮುಂದೆ ಕೂರಿಸಿ ಕಾಲುಜ್ಜಿದೆ. ಅವರ ಕಾಲು ನನ್ನ ತೊಡೆಯ ಮೇಲಿತ್ತು. ನನಗೆ ಅಳು ತಡೆಯಲಾಗಲಿಲ್ಲ. ತಡೆಯಲೂ ಇಲ್ಲ.

“ಅಯ್ಯೋ ಬಿಡಿ ಮೇಷ್ಟ್ರೇ,” ಎಂದರು ಗದಗುಟ್ಟುತ್ತ. “ಅಮ್ಮ ಆದ್ರೆ ಮೂರು ಬಾರಿಸಿ ನಿಲ್ಲಿಸ್ತಾರೆ. ನೀವು ನಿಲ್ಲಿಸೋದೇ ಇಲ್ಲ. ಶಾಲೆ ಬಿಟ್ಟ ಹಾಗೆ ಕೇಳಿಸ್ತು. ಸರಿ, ಮನೆಗೆ ಹೋಗೋಣ ಅಂತ ಬಂದೆ.”

ಅವರು ಮೇಲೆ ಹೋಗಿದ್ದು ಅಕ್ಕನಿಗೆ ಫೋನ್ ಮಾಡಲು. ಗಡಿಯಾರ ನಡೆಯುತ್ತಿದೆ ಎಂದು ಹೇಳಲು. ಅಕ್ಕ ಅವರಿಗೆ ಹೇಳಿದ್ದು ಒಂದೇ ಮಾತಂತೆ: ಅದನ್ನು ಬಿಚ್ಚಿ ನೀವೇ ತಗೊಂಡು ಹೋಗಿ, ನಾನಿನ್ನು ಬರಲ್ಲ, ನನ್ನ ತಮ್ಮ ಮುಚ್ಚೋಕೇ ಬಂದಿರೋದು.

ಅಡುಗೆಯಮ್ಮ ಅಲ್ಲೇ ನಿಂತಿದ್ದರು.

ಜನವರಿ 16

ಸೂಪಿಗೆ ಉಪ್ಪಿಲ್ಲ. ಅಡುಗೆಮನೆಯಲ್ಲಿ ಮಾತಿಲ್ಲ.

ಜನವರಿ 18

ಇವತ್ತು ಅಡುಗೆಯಮ್ಮ ಬಾಯಿ ಬಿಟ್ಟರು. “ಹಲಗೆ ಒರೆಸಿದ್ದು ಕೈತಪ್ಪು, ಅದು ಹೋಗ್ಲಿ. ಇಷ್ಟು ದಿನ ನಮ್ ಜೊತೆ ಕೂತು ಉಂಡ್ರಿ. ಒಂದ್ ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?”

ಅನ್ನಿಸಿತ್ತು. ವಾಕ್ಯ ಸರಿಹೋಗಲಿಲ್ಲ ಎಂದೆ. “ವಾಕ್ಯ ಯಾರಿಗೆ ಬೇಕಿತ್ತು ಮೇಷ್ಟ್ರೇ?” ಎಂದರು. ಸಂಜೆಯ ಸೂಪಿಗೆ ಉಪ್ಪಿತ್ತು.

ಜನವರಿ 22

ತಂತಿ ಸರಿಹೋಯಿತು. ನಾನೇ ಅಕ್ಕನಿಗೆ ಫೋನ್ ಮಾಡಿದೆ. ಮೊದಲ ದಿನವೇ ನಿನ್ನ ಸಾಲು ಒರೆಸಿದ್ದೆ, ಆಮೇಲೆ ಸುಳ್ಳು ಹೇಳಿದೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

“ಸೀಮೆಸುಣ್ಣ ಇದೆಯಾ?” ಎಂದಳು.

“ಇದೆ.”

“ತಗೋ. ನಾನು ಹೇಳ್ತೀನಿ, ನೀನು ಬರಿ.”

ಟೆಲಿಫೋನಿನ ವೈರು ಹಲಗೆಯ ತನಕ ಎಟುಕುವುದಿಲ್ಲ. ಅಡುಗೆಯಮ್ಮ ಹಲಗೆಯನ್ನೇ ಬಿಚ್ಚಿ ತಂದು ಎದೆಗೆ ಒರಗಿಸಿ ಹಿಡಿದರು. ಅರವತ್ತೊಂದರ ಮೇಷ್ಟ್ರು ನಿಂತುಕೊಂಡು ಉಕ್ತಲೇಖನ ಬರೆದೆ. ಕೆಳಗೆ ಹೋಗಿದ್ದೀನಿ. ಆಮೇಲೆ ಅವಳು ಸುಮ್ಮನಾದಳು.

“ಮುಂದೆ?” ಎಂದೆ.

“ಮುಂದಿಂದು ಬರೀಬೇಕೋ ಬೇಡ್ವೋ ನೀನೇ ಹೇಳು. ಮುಚ್ಚೋನು ನೀನು.”

“ಬರ್ತೀನಿ ಅಂತ ಇತ್ತು.”

“ಇತ್ತು.”

“ಇದ್ದದ್ದನ್ನ ಇದ್ದ ಹಾಗೇ ಬರೀಬೇಕು,” ಎಂದು ಬರೆದೆ. ಅವಳು ಮೂಗು ಸೀಟುವ ಸದ್ದು ಕೇಳಿಸಿತು. ಹಲಗೆಯ ಹಿಂದೆ ಅಡುಗೆಯಮ್ಮನದೂ.

ಇದರಿಂದ ಏನೂ ಬದಲಾಗುವುದಿಲ್ಲ, ಡಾಕ್ಟರು ಹೇಳಿದ್ದು ಹೇಳಿದ್ದೇ. ಒರೆಸಿದ್ದನ್ನು ಸರಿಮಾಡಿದೆ, ಅಷ್ಟೇ.

ಫೆಬ್ರವರಿ 3

ಕೆಳಗಿನ ಉಗ್ರಾಣ ಖಾಲಿ ಮಾಡಿದೆವು. ಆಲೂಗಡ್ಡೆ, ಈರುಳ್ಳಿ ಮೂಟೆಗಳನ್ನು ಸೌದೆ ಮನೆಗೆ ಸಾಗಿಸಿದೆವು. ಮುಚ್ಚುವಾಗ ಅಕ್ಕನ ಸಾಮಾನು ಕಟ್ಟಿಡಲು ನೆಲಮಟ್ಟದಲ್ಲಿ ಒಂದು ಕೋಣೆ ಬೇಕಲ್ಲ. ಕಿಟಕಿಯ ಹಲಗೆ ತೆಗೆದರೆ ಒಳ್ಳೆಯ ಬಿಸಿಲು. ಗೋಡೆಗೆ ಸುಣ್ಣ ಬಳಿದೆ. ಸಾಮಾನಿಗೆ ಧೂಳು ಹಿಡಿಯಬಾರದು.

ಫೆಬ್ರವರಿ 5

ಅಕ್ಕನ ಮಂಚವನ್ನೂ ಇಳಿಸಿಬಿಟ್ಟೆವು. ಹೇಗೂ ಒಂದು ದಿನ ಇಳಿಸಬೇಕಾದದ್ದೇ.

ಫೆಬ್ರವರಿ 12

ಕಾರಿಡಾರಿನ ಗೋಡೆಯುದ್ದಕ್ಕೂ ಹಿಡಿದುಕೊಂಡು ನಡೆಯಲು ಮರದ ಪಟ್ಟಿ ಹೊಡೆಯುತ್ತಿದ್ದೇವೆ. ಮರ ಕೊಯ್ಯುವುದು ಹೂಂ, ಉಜ್ಜಿ ನಯ ಮಾಡುವುದು ಗಡಿಯಾರದವರು, ಸಿಬಿರು ಚುಚ್ಚಿಸಿಕೊಳ್ಳುವುದು ನಾನು. ಬರುವವರಲ್ಲಿ ವಯಸ್ಸಾದವರು ಇರುತ್ತಾರೆ.

ಎತ್ತರ ಎಷ್ಟಿರಬೇಕೆಂದು ಪುಟ್ಟಿಗೆ ಫೋನ್ ಮಾಡಿದೆ. “ನಿಮ್ಮಮ್ಮ ಕೋಲು ಹಿಡಿದು ನಿಂತಾಗ ಕೈ ನೆಲದಿಂದ ಎಷ್ಟು ಎತ್ತರ ಬರುತ್ತೆ? ಅಳೆದು ಹೇಳು.”

“ಯಾಕೆ ಮಾವ?”

“ಸುಮ್ನೆ.”

ಗಡಿಯಾರದವರು ಪ್ರತಿವರ್ಷ ಫೆಬ್ರವರಿ ಮೊದಲ ವಾರ ಹೊರಟುಬಿಡುತ್ತಾರಂತೆ. ಈ ಸಲ ಗಡಿಯಾರ ಇನ್ನೂ ಪಳಗಿಲ್ಲ ಎನ್ನುತ್ತಾರೆ. ದಿನಕ್ಕೆ ಒಂದು ನಿಮಿಷವೂ ತಪ್ಪದ ಗಡಿಯಾರ ಇನ್ನೆಷ್ಟು ಪಳಗಬೇಕೋ!

ಫೆಬ್ರವರಿ 26

ಮುಚ್ಚುವ ದಿನ ಯಾವತ್ತು ಎಂದು ಪುಟ್ಟಿ ಕೇಳಿದಳು. ಬಾಯ್ಲರಿನ ಕೆಲಸ ನಡೀತಿದೆ, ಈಗಲೇ ಹೇಳಲಾಗದು ಎಂದೆ. ಬಾಯ್ಲರು ಚೆನ್ನಾಗಿಯೇ ಇದೆ. ಬೆಂಚಿನ ಮೇಲೆ ನಿಲ್ಲಬೇಕಾದವನು ನಾನು.

ಹಲಗೆಯನ್ನು ಒಂದು ಗೇಣು ಕೆಳಗಿಳಿಸಿ ಹೊಡೆದೆ. ಇಷ್ಟು ದಿನ ತುಂಬ ಮೇಲಿತ್ತು.

ಮಾರ್ಚ್ 17

ಸೂರಿನಿಂದ ಇಡೀ ದಿನ ನೀರು ಹನಿಯುತ್ತಿದೆ. ರಸ್ತೆ ತೆರೆಯಿತು. ನಾಡಿದ್ದು ಪುಟ್ಟಿ ಕಾರಿನಲ್ಲಿ ಅಕ್ಕನನ್ನು ಕರೆತರುತ್ತಾಳಂತೆ. ಎರಡು ಗಂಟೆಯ ಮಟ್ಟಿಗೆ. ಬೇಕಾದ ಸಾಮಾನು ಆರಿಸಿಕೊಂಡು, ಬೀಗ ಹಾಕಿಸಿ, ನನ್ನನ್ನೂ ಕರೆದುಕೊಂಡು ಹೋಗಲು. 

ಅಡುಗೆಯಮ್ಮ ಕೇಳಿ, “ಎರಡು ಗಂಟೆ ಮಟ್ಟಿಗೆ ಬಂದ್ರೆ ಅದು ಬಂದ ಹಾಗಲ್ಲ. ಸಾಲು ಹಾಗೇ ಇರುತ್ತೆ,” ಎಂದರು.

ರಾತ್ರಿ ನನಗೆ ಊಟ ಸೇರಲಿಲ್ಲ.

ಮಾರ್ಚ್ 19

ಪುಟ್ಟಿಯ ಕಾರಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ರಸ್ತೆ ಹದಗೆಟ್ಟಿದೆ, ಅಕ್ಷರ ಕುಣಿಯುತ್ತಿವೆ, ಕ್ಷಮೆ ಇರಲಿ.

ಅಕ್ಕ ಹನ್ನೊಂದಕ್ಕೆ ಬಂದಳು. ಅರ್ಧಕ್ಕರ್ಧ ಇಳಿದುಹೋಗಿದ್ದಾಳೆ. ಕೋಲೂರಿ ಮುಂಬಾಗಿಲು ದಾಟಿದಳು, ಹಲಗೆಯ ಕಡೆ ನೋಡಲಿಲ್ಲ. ಕಾರಿಡಾರಿನ ಪಟ್ಟಿಯ ಮೇಲೆ ಕೈ ತಾನಾಗಿ ಹೋಯಿತು. ಸರಿಯಾಗಿ ಅವಳ ಕೈ ಬರುವ ಎತ್ತರ. ನಿಂತಳು. ಮತ್ತೆ ನಡೆದಳು. ಉಗ್ರಾಣದ ಬಾಗಿಲಲ್ಲಿ ನಿಂತು ಅವಳ ಮಂಚ, ಅವಳ ಕಂಬಳಿ, ಕಿಟಕಿಯ ಬಿಸಿಲು ನೋಡಿದಳು. ಗಡಿಯಾರದವರು ಬೆಳಿಗ್ಗೆಯಷ್ಟೇ ಕೀಲಿ ಕೊಟ್ಟ ಗಡಿಯಾರಕ್ಕೆ ಮತ್ತೆ ಕೀಲಿ ಕೊಡುತ್ತ ನಿಂತಿದ್ದರು.

“ಗಡಿಯಾರ ನಡೀತಿದೆ,” ಎಂದರು.

“ಕಾಣಿಸ್ತಿದೆ. ನೀವು ಇನ್ನೂ ಹೋಗಿಲ್ವಾ?”

“ಇಲ್ಲ.”

ಪುಟ್ಟಿ ನನ್ನನ್ನು ಪಕ್ಕಕ್ಕೆ ಕರೆದಳು. “ಮಾವ, ಮುಚ್ಚೋಕೆ ಬಂದವರು ಇದನ್ನೆಲ್ಲ ಯಾಕೆ ಮಾಡಿದ್ರಿ?”

ಪುಟ್ಟಿ ಆ ಪಟ್ಟಿಯನ್ನು ಈ ತುದಿಯಿಂದ ಆ ತುದಿಯ ತನಕ ಕೈಯಾಡಿಸಿ ನೋಡಿದಳು. ಎಲ್ಲಾದರೂ ಅಲ್ಲಾಡುತ್ತದೆಯೇ ಎಂದು ಜಗ್ಗಿದಳು. ಅಲ್ಲಾಡಲಿಲ್ಲ. “ನೀರಿನ ಕೊಡ ಎತ್ತೋದು, ಮೆಟ್ಟಿಲು ಹತ್ತೋದು, ಹಿಮದ ಮೇಲೆ ಓಡಾಡೋದು ಯಾರು ಮಾಡ್ತಾರೆ?” ಎಂದಳು. ಧ್ವನಿ ಆಗಲೇ ಮೆತ್ತಗಾಗಿತ್ತು.

“ಹೂಂ,” ಎಂದೆ. ಯಾರದ್ದೋ ಅಭ್ಯಾಸ ಅಂಟಿಕೊಂಡಿದೆ.

ಅಷ್ಟರಲ್ಲಿ ಕೋಲಿನ ಸದ್ದು ಬಾಗಿಲ ಕಡೆ ಹೋಯಿತು. ಅಕ್ಕ ಹಲಗೆಯ ಮುಂದೆ ನಿಂತಿದ್ದಳು. ಕೈ ಎತ್ತದೆಯೇ ಎಟುಕುತ್ತಿತ್ತು. ಓದಿದಳು. ತಿರುಗಿ ನನ್ನನ್ನು ನೋಡಿದಳು. “ಅಕ್ಷರ ಪರವಾಗಿಲ್ಲ,” ಎಂದಳು. ಆಮೇಲೆ ಮೊಳೆಯಲ್ಲಿದ್ದ ಬಟ್ಟೆ ತೆಗೆದು, ನಿಧಾನವಾಗಿ, ಒಂದೊಂದೇ ಅಕ್ಷರ ಒರೆಸಿದಳು. ‘ಬರ್ತೀನಿ’ಯನ್ನು ಕೊನೆಗೆ ಒರೆಸಿದಳು.

“ಅಮ್ಮಾ,” ಎಂದಳು ಪುಟ್ಟಿ. ಅಡುಗೆಯಮ್ಮ ಒಳಗೆ ಓಡಿ ಎಲ್ಲರಿಗೂ ಟೀ ಇಟ್ಟರು.

ಮಧ್ಯಾಹ್ನ ಎರಡಕ್ಕೆ ಪುಟ್ಟಿ ಹೊರಟಾಗ ನಾನೂ ಕೋಟು ಹಾಕಿಕೊಂಡೆ. ಅಕ್ಕನ ಮುಖ ಸಣ್ಣದಾಯಿತು. ಮೂರು ತಿಂಗಳು ಕಿಸೆಯಲ್ಲಿದ್ದ ಕೀಲಿಕೈ ತೆಗೆದು ಅವಳ ಮಡಿಲಿಗೆ ಹಾಕಿದೆ. ಸೀಮೆಸುಣ್ಣ ತೆಗೆದುಕೊಂಡು ಬರೆದೆ: ‘ಕೆಳಗೆ. ನನ್ನ ಟ್ರಂಕು ತರಲು.’

ಅವಳು ಓದಿ, “ಯಾವಾಗ ಬರ್ತೀಯ ಅಂತ ಬರೆದಿಲ್ವಲ್ಲೋ,” ಎಂದಳು. ಕುಟ್ಟಲು ಗೆಣ್ಣು ಹುಡುಕುವ ಹಾಗೆ ನನ್ನ ಕೈ ಹಿಡಿದಳು. ಹಗ್ಗ ಸುಲಿದ ಅಂಗೈಯ ಕಲೆ ಕಂಡು, ಕುಟ್ಟದೆ ಊದಿದಳು. ‘ಶನಿವಾರ’ ಎಂದು ಸೇರಿಸಿದೆ.

ಈಗ ನಾಲ್ಕು ಗಂಟೆ. ಅಲ್ಲಿ ಗಡಿಯಾರ ಬಾರಿಸಿರುತ್ತದೆ. ಅಕ್ಕ ಪಟ್ಟಿ ಹಿಡಿದುಕೊಂಡು ಹಲಗೆಯ ಮುಂದೆ ಬಂದಿರುತ್ತಾಳೆ. ನನ್ನ ಸಾಲು ಓದಿರುತ್ತಾಳೆ. ಒರೆಸಿರುವುದಿಲ್ಲ.